ತರಾಸು ಅವರ ದುರ್ಗದ ಕಾದಂಬರಿಗಳು: ಯಾವುದರಿಂದ ಶುರು ಮಾಡಬೇಕು?

ತುಂಗೆಯ ದಡ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಊರಿನ ಮನೆಯ ಅಟ್ಟ ಖಾಲಿ ಮಾಡುವಾಗ ಅಪ್ಪನ ತಗಡಿನ ಪೆಟ್ಟಿಗೆಯಲ್ಲಿ ತ.ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ ಸಿಕ್ಕಿತು. ರಟ್ಟು ಕಿತ್ತುಹೋಗಿತ್ತು. ಯಾರೋ ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಅದಕ್ಕೆ ಹೊದಿಕೆ ಹಾಕಿದ್ದರು. ಒಂದೆರಡು ಪುಟ ನೋಡಿ ಬದಿಗಿಡೋಣ ಎಂದು ಕುಳಿತವನು ಅಟ್ಟದ ಕೆಲಸವನ್ನೇ ಮರೆತೆ. ಅದಾದ ಮೇಲೆ ಒಂದು ವಾರ ಕಚೇರಿಯಲ್ಲೂ ತಲೆಯೊಳಗೆ ಕೋಟೆಯೇ ತುಂಬಿಕೊಂಡಿತ್ತು.

ಓದಿ ಮುಗಿಸಿದ ನಂತರ ತಿಳಿಯಿತು, ಚಿತ್ರದುರ್ಗದ ಕಥೆಗಳಲ್ಲಿ ಅವರು ಕೊನೆಗೆ ಬರೆದದ್ದು ಇದು ಎಂದು. ಇದಕ್ಕೆ ಮೊದಲು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಮುಂತಾದವು ಇವೆಯಂತೆ. ಊಟಕ್ಕೆ ಕುಳಿತವನು ಪಾಯಸದಿಂದ ಶುರು ಮಾಡಿದಂತಾಯಿತು. ಇನ್ನು ಹಿಂದಕ್ಕೆ ಹೋಗಿ ಉಳಿದವನ್ನು ಓದಿದರೆ ರುಚಿಸುತ್ತದೆಯೇ? ಯಾವ ಕ್ರಮದಲ್ಲಿ ಓದಬೇಕು? ಇನ್ನೊಂದು ಪ್ರಶ್ನೆ: ಇದರಲ್ಲಿ ಇತಿಹಾಸ ಎಷ್ಟು, ಕಲ್ಪನೆ ಎಷ್ಟು? ತಿಳಿದವರು ಹೇಳಬೇಕು.

ಹಳೆಯ ಹೊತ್ತಗೆ

ಮೊದಲು ಪಟ್ಟಿ ಹೇಳಿಬಿಡುತ್ತೇನೆ. ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ ಈ ಮೂರೂ ಒಂದೇ ಉಸಿರಿನ ಕಥೆ. ಇದೇ ಕ್ರಮದಲ್ಲಿ ಓದಬೇಕು, ನಡುವೆ ಬೇರೆ ಪುಸ್ತಕ ಹಿಡಿಯಬಾರದು. ಅದಲ್ಲದೆ ಹೊಸಹಗಲು, ವಿಜಯೋತ್ಸವ, ರಾಜ್ಯದಾಹ, ಕಸ್ತೂರಿ ಕಂಕಣ ಇವೆ. ಕೊನೆಗೆ 1982ರಲ್ಲಿ ಬಂದ ದುರ್ಗಾಸ್ತಮಾನ. ‘ಹಂಸಗೀತೆ’ಯೂ ದುರ್ಗದ್ದೇ, ಆದರೆ ಅದು ಸಿಂಹಾಸನದ ಕಥೆಯಲ್ಲ, ಸಂಗೀತಗಾರನ ಕಥೆ. ಅದನ್ನು ಬೇರೆಯಾಗಿಯೇ ಇಡಬೇಕು.

ದುರ್ಗಾಸ್ತಮಾನವನ್ನು ಮೊದಲು ಓದಿದ್ದಕ್ಕೆ ಬೇಸರ ಪಡಬೇಡಿ. ಕಥೆಯ ಕೊನೆಯನ್ನು ತರಾಸು ಹೆಸರಿನಲ್ಲಿಯೇ ಬಿಟ್ಟುಕೊಟ್ಟಿದ್ದಾರೆ. ದುರ್ಗ ಬೀಳುತ್ತದೆ ಎಂದು ರಟ್ಟಿನ ಮೇಲೆ ಬರೆದು, ಅದು ಬೀಳದಿರಲಿ ಎಂದು ಓದುಗ ನೂರಾರು ಪುಟ ಹರಕೆ ಹೊರುವಂತೆ ಮಾಡುವುದು ಸಾಮಾನ್ಯ ಕೆಲಸವಲ್ಲ. ನಾನು ನಾಲ್ಕು ಸಲ ಓದಿದ್ದೇನೆ. ನಾಲ್ಕನೆಯ ಸಲವೂ, ಈ ಬಾರಿ ಹೇಗಾದರೂ ದುರ್ಗದ ಕೊನೆಯ ನಾಯಕ ಮದಕರಿ ಉಳಿದುಕೊಳ್ಳಬಹುದೇನೋ ಎಂಬ ಆಸೆ ಇತ್ತು.

ರೀಲು ಪೆಟ್ಟಿಗೆ

ನಾಗರಹಾವು ಚಿತ್ರದ ಓಬವ್ವನ ಹಾಡು ನೋಡಿ ಬೆಳೆದವರಿಗೆ ದುರ್ಗದ ಇತಿಹಾಸ ಎಂದರೆ ಅದೇ. ಬೇರೆ ಪುಸ್ತಕ ಏಕೆ?

ಕಲ್ಲುಕೋಟೆ

ರೀಲು ಪೆಟ್ಟಿಗೆಯವರೇ, ತಮಾಷೆಗೆ ಹೇಳಿದ್ದೀರಿ ಎಂದುಕೊಳ್ಳುತ್ತೇನೆ.

ನಾನು ದುರ್ಗದವನು. ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಹತ್ತು ವರ್ಷವಾಯಿತು. ಈಗಲೂ ವಾರಕ್ಕೆ ಎರಡು ದಿನ ಬೆಳಿಗ್ಗೆ ಕೋಟೆ ಹತ್ತುತ್ತೇನೆ. ಮಂಡಿ ನೋವು ಎಂದು ಮನೆಯವರು ಬೈಯುತ್ತಾರೆ. ಯಾರಾದರೂ ಹೊರಗಿನವರು ಬಂದು ಕೋಟೆ ತೋರಿಸಿ ಎಂದರೆ ಮೊದಲು ಕೇಳುವುದು, ತರಾಸು ಓದಿದ್ದೀರಾ ಎಂದು. ಓದಿದವರೊಂದಿಗೆ ಹತ್ತುವುದೇ ಬೇರೆ, ಓದದವರೊಂದಿಗೆ ಹತ್ತುವುದೇ ಬೇರೆ. ಓದದವರಿಗೆ ಬಂಡೆ ಕಾಣುತ್ತದೆ. ಓದಿದವರು ಬಾಗಿಲಿನಿಂದ ಬಾಗಿಲಿಗೆ ಹೋಗುವಾಗ ತಾವಾಗಿಯೇ ದನಿ ತಗ್ಗಿಸುತ್ತಾರೆ.

ತರಾಸು ಹುಟ್ಟಿದ್ದು 1920ರ ಏಪ್ರಿಲ್ 21ರಂದು, ಮಲೆಬೆನ್ನೂರಿನಲ್ಲಿ. ಮನೆತನ ಚಳ್ಳಕೆರೆ ತಾಲ್ಲೂಕಿನ ತಳುಕಿನದು. ತ.ರಾ.ಸು. ಎಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ಮನೆಮಾತು ತೆಲುಗು. ದೊಡ್ಡಪ್ಪ ಟಿ.ಎಸ್. ವೆಂಕಣ್ಣಯ್ಯನವರು, ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿದ್ದು ಇವರಿಗೇ. ಚಿಕ್ಕಪ್ಪ ತ.ಸು. ಶಾಮರಾಯರು. ಇಂತಹ ಮನೆಯ ಹುಡುಗ ಪ್ರಾಧ್ಯಾಪಕನಾಗುತ್ತಾನೆ ಎಂದೇ ಯಾರಾದರೂ ಎಣಿಸಬೇಕು. ಈತ 1942ರ ಚಳವಳಿಗೆ ಧುಮುಕಿ ಓದು ಬಿಟ್ಟರು, ಪತ್ರಿಕೆಗಳಲ್ಲಿ ದುಡಿದರು, ಆಮೇಲೆ ಬರವಣಿಗೆಯಲ್ಲೇ ಬದುಕಿದರು.

ಇದನ್ನೆಲ್ಲ ಏಕೆ ಹೇಳಿದೆನೆಂದರೆ, ಅವರ ದುರ್ಗ ಗ್ರಂಥಾಲಯದಲ್ಲಿ ಕುಳಿತು ಕಟ್ಟಿದ್ದಲ್ಲ. ಈ ಸೀಮೆಯ ಹುಡುಗರಿಗೆ ದುರ್ಗವನ್ನು ಆಳಿದ ನಾಯಕರ ಕಥೆ ಜಗುಲಿಯ ಮೇಲೆಯೇ ಸಿಗುತ್ತಿತ್ತು. ನಾಯಕರ ಸೇನಾಪತಿ, ಅಂದರೆ ದಳವಾಯಿ, ಮುದ್ದಣ್ಣನನ್ನು ನಮ್ಮ ಅಜ್ಜಿ ಮೊನ್ನೆ ಮೊನ್ನೆ ಪಕ್ಕದ ಬೀದಿಯಲ್ಲಿದ್ದವನೆಂಬಂತೆ ಬೈಯುತ್ತಿದ್ದಳು.

ತುಂಗೆಯ ದಡ

ಮೇಷ್ಟರೇ, ಬಹಳ ಸಂತೋಷ. ಅಜ್ಜಿ ಮುದ್ದಣ್ಣನನ್ನು ಬೈಯುತ್ತಿದ್ದರು ಎಂದಿರಲ್ಲ, ಅವನ ಕಥೆಯೇ ಮೊದಲ ಮೂರು ಪುಸ್ತಕಗಳಲ್ಲಿ ಇರುವುದು?

ಕಲ್ಲುಕೋಟೆ

ಹೌದು. 1675ರ ಸುಮಾರಿನ ದಳವಾಯಿ ದಂಗೆ. ಓಬಣ್ಣ ನಾಯಕನ ಕೊಲೆಯಾಗುತ್ತದೆ. ಅಲ್ಲಿಂದ ಮುಂದಿನ ಹದಿನಾಲ್ಕು ಹದಿನೈದು ವರ್ಷಗಳಲ್ಲಿ ಪಟ್ಟಕ್ಕೆ ಬಂದವರು ಎಷ್ಟು ಜನ ನೋಡಿ: ಶೂರಕಾಂತ ನಾಯಕ, ಚಿಕ್ಕಣ್ಣ ನಾಯಕ, ಲಿಂಗಣ್ಣ ನಾಯಕ, ದೊಣ್ಣೆ ರಂಗಪ್ಪ ನಾಯಕ. ನಾಯಕ ಯಾರೇ ಆಗಿರಲಿ, ಹಗ್ಗದ ತುದಿ ದಳವಾಯಿಯ ಕೈಯಲ್ಲಿ. 1689ರಲ್ಲಿ ಬಿಚ್ಚುಗತ್ತಿ ಭರಮಣ್ಣ ನಾಯಕ ಬಂದ ಮೇಲೆ ರಾಜ್ಯ ಒಂದು ನೆಲೆಗೆ ಬಂತು.

ಏರಿಯ ಮೇಲೆ

ಭರಮಣ್ಣ ನಾಯಕ ಎಂದ ಕೂಡಲೇ ಕೈ ಎತ್ತಲೇಬೇಕು. ನಮ್ಮದು ಭರಮಸಾಗರದ ಪಕ್ಕದ ಹಳ್ಳಿ. ಕೆರೆ ಅವನದು, ಊರಿನ ಹೆಸರೂ ಅವನದು. ಹೆದ್ದಾರಿಯಲ್ಲಿ ದಾವಣಗೆರೆಗೆ ಹೋಗುವವರು ಬೋರ್ಡು ನೋಡಿ ಮುಂದೆ ಹೋಗುತ್ತಾರೆ, ಅಷ್ಟೆ. ಕಾದಂಬರಿಗಳಲ್ಲಿ ಕತ್ತಿಗೆ ಸಿಕ್ಕ ಜಾಗ ಕೆರೆಗೆ ಸಿಗಲಿಲ್ಲ ಎಂಬುದು ನನ್ನ ಹಳೆಯ ತಕರಾರು. ಭರಮಣ್ಣ ಮೂವತ್ತು ವರ್ಷಕ್ಕೂ ಹೆಚ್ಚು ಆಳಿದ. ಅಷ್ಟು ದಿನ ಅವನು ಬರೀ ಯುದ್ಧ ಮಾಡುತ್ತಿದ್ದನೇ?

ಅಂಗಳದ ಪಾರಿಜಾತ

ನಾನು ತರಾಸು ಅವರನ್ನು ಓದಿದ್ದು ಎಂಬತ್ತರ ದಶಕದಲ್ಲಿ, ಬೀದಿಯ ಕೊನೆಯ ಬಾಡಿಗೆ ಲೈಬ್ರರಿಯಿಂದ ತಂದು. ದಿನಕ್ಕೆ ಇಷ್ಟು ಎಂದು ಬಾಡಿಗೆ. ಹಾಗಾಗಿ ಮನೆಯಲ್ಲಿ ಸರದಿ. ಮಧ್ಯಾಹ್ನ ಅಮ್ಮ, ಸಂಜೆ ನಾನು, ರಾತ್ರಿ ಅತ್ತಿಗೆ. ಮೂವರೂ ಮೂರು ಕಡೆ ಗುರುತಿನ ಕಾಗದ ಇಟ್ಟುಕೊಂಡಿರುತ್ತಿದ್ದೆವು. ಒಬ್ಬರು ಮುಂದಿನ ಕಥೆ ಬಾಯಿ ಬಿಟ್ಟರೆ ಜಗಳವೇ ಆಗುತ್ತಿತ್ತು. ರಕ್ತರಾತ್ರಿ ಓದುವಾಗ ಅಮ್ಮ ಒಲೆಯ ಮೇಲಿನ ಹಾಲು ಉಕ್ಕಿಸಿ, ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದಳು.

ಆ ಪುಸ್ತಕಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಾಗತಿಯರು. ನಾಯಕರ ಹೆಂಡತಿಯರನ್ನು, ತಾಯಂದಿರನ್ನು ದುರ್ಗದಲ್ಲಿ ಹಾಗೆ ಕರೆಯುತ್ತಿದ್ದರು. ಗಂಡಸರು ಕತ್ತಿ ಹಿಡಿದು ಹೊರಗೆ ಓಡುತ್ತಾರೆ. ಆದರೆ ಪಟ್ಟಕ್ಕೆ ಯಾರು, ದತ್ತು ಯಾರು, ಯಾರನ್ನು ನಂಬಬೇಕು ಎಂಬುದು ಒಳಮನೆಯಲ್ಲಿ ತೀರ್ಮಾನವಾಗುತ್ತದೆ. ಅಮ್ಮ ಅದನ್ನು ಓದಿ, ನಮ್ಮ ಮನೆಯಲ್ಲೂ ಹೀಗೆಯೇ, ಕೋಟೆ ಇಲ್ಲ ಅಷ್ಟೆ ಎಂದಿದ್ದಳು.

ಶಾಸನದ ಸಾಲು

ಚರ್ಚೆ ಚೆನ್ನಾಗಿದೆ. ತಣ್ಣೀರು ಎರಚುವ ಕೆಲಸ ನನ್ನ ಪಾಲಿಗೆ ಬಂದಿದೆ, ಕ್ಷಮೆ ಇರಲಿ.

ತರಾಸು ಅವರ ಕೈಚಳಕ ಒಪ್ಪುತ್ತೇನೆ. ಆದರೆ ಮೂರು ತಲೆಮಾರು ಅವರ ಕಾದಂಬರಿಗಳನ್ನೇ ದುರ್ಗದ ಇತಿಹಾಸ ಎಂದು ಓದಿದೆ. ಅದು ಅವರ ತಪ್ಪಲ್ಲ, ನಮ್ಮ ತಪ್ಪು. ಎಂ.ಎಸ್. ಪುಟ್ಟಣ್ಣನವರು ‘ಚಿತ್ರದುರ್ಗದ ಪಾಳಯಗಾರರು’ ಎಂದು ಬರೆದರು. ಹುಲ್ಲೂರು ಶ್ರೀನಿವಾಸ ಜೋಯಿಸರು ಶಾಸನ, ಬಖೈರು (ಹಳೆಯ ವೃತ್ತಾಂತದ ಬರಹ), ಕಡತಗಳ ಹಿಂದೆ ಜೀವಮಾನವೆಲ್ಲ ಓಡಾಡಿದರು. ಅವರನ್ನು ಓದಿದವರು ಈ ವೇದಿಕೆಯಲ್ಲಿ ಎಷ್ಟು ಜನ?

ಕೊನೆಯ ಮದಕರಿಯನ್ನೇ ತೆಗೆದುಕೊಳ್ಳಿ. ಕಸ್ತೂರಿ ರಂಗಪ್ಪ ನಾಯಕನಿಗೆ ಮಕ್ಕಳಿಲ್ಲದೆ, 1754ರಲ್ಲಿ ಹನ್ನೆರಡರ ಹುಡುಗನನ್ನು ಜಾನಕಲ್ಲಿನಿಂದ ಕರೆತಂದು ಪಟ್ಟ ಕಟ್ಟಿದರು. ಬೆಳೆದ ಮೇಲೆ ಅವನು ಮೊದಲ ದಿನದಿಂದಲೇ ಹೈದರನ ವೈರಿಯಾಗಿದ್ದನೇ? ಇಲ್ಲ. ಕಪ್ಪ ಕೊಟ್ಟವನು, ಕೆಲವು ವರ್ಷ ಹೈದರನ ದಂಡಯಾತ್ರೆಗಳಿಗೆ ತನ್ನ ಬೇಡರ ಪಡೆಯನ್ನು ಕೊಂಡೊಯ್ದವನು. ಒಂದು ಕಡೆ ಮರಾಠರು, ಇನ್ನೊಂದು ಕಡೆ ಹೈದರ್, ನಡುವೆ ಒಂದು ಸಣ್ಣ ರಾಜ್ಯ. ಯಾರ ಕಡೆ ಎಷ್ಟು ಹೊತ್ತು ವಾಲಬೇಕು ಎಂಬುದೇ ಅವನ ರಾಜಕಾರಣ. 1777ರ ಹೊತ್ತಿಗೆ ಆ ಲೆಕ್ಕ ತಪ್ಪಿತು, 1779ರಲ್ಲಿ ದುರ್ಗ ಬಿತ್ತು. ಮದಕರಿಯನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಕಾದಂಬರಿಯ ಕೊನೆಯ ಪುಟಗಳನ್ನು ಇದರ ಪಕ್ಕದಲ್ಲಿಟ್ಟು ನೀವೇ ಓದಿಕೊಳ್ಳಿ. ಓದದವರು ಇಲ್ಲಿದ್ದಾರೆ, ಹೆಚ್ಚು ಹೇಳುವುದಿಲ್ಲ.

ಹಳೆಯ ಹೊತ್ತಗೆ

ಶಾಸನದ ಸಾಲು ಅವರೇ, ಜೋಯಿಸರನ್ನು ಓದಿದ್ದೇನೆ. ಗೌರವವಿದೆ. ಆದರೆ ಒಂದು ಮಾತು. ಹೈದರನ ಜೊತೆಗಿದ್ದು, ಆಮೇಲೆ ಎದುರಾದ ಆ ಇಕ್ಕಟ್ಟು ದುರ್ಗಾಸ್ತಮಾನದಲ್ಲಿ ಇಲ್ಲ ಎಂದು ಹೇಗೆ ಹೇಳುತ್ತೀರಿ? ಆ ಪುಸ್ತಕದಲ್ಲಿ ಯುದ್ಧಕ್ಕಿಂತ ಮಂತ್ರಾಲೋಚನೆಯೇ ಹೆಚ್ಚು. ಪ್ರಧಾನಿ ಕಳ್ಳಿ ನರಸಪ್ಪಯ್ಯನಂತಹವರು ಕುಳಿತು ಮಾತನಾಡುವ ದೃಶ್ಯಗಳಲ್ಲಿ ನಾನು ಕತ್ತಿಯ ಸದ್ದಿಗಿಂತ ಹೆಚ್ಚು ಹೆದರಿದ್ದೇನೆ. ಮಾತಿನಲ್ಲಿಯೇ ಕಥೆಯನ್ನು ಮುಂದಕ್ಕೆ ತಳ್ಳುವುದು ತರಾಸು ಅವರ ವಿದ್ಯೆ. ಸಿನಿಮಾದವರು ಅವರ ಮನೆ ಬಾಗಿಲು ಬಿಡದಿದ್ದುದಕ್ಕೆ ಅದೇ ಕಾರಣವಿರಬೇಕು.

ರೀಲು ಪೆಟ್ಟಿಗೆ

ಬಂತು ನನ್ನ ಸರದಿ! ಕೈಬೆರಳಿನಲ್ಲಿ ಎಣಿಸಿಕೊಳ್ಳಿ. 1964ರಲ್ಲಿ ಚಂದವಳ್ಳಿಯ ತೋಟ. 1972ರಲ್ಲಿ ಪುಟ್ಟಣ್ಣ ಕಣಗಾಲರ ನಾಗರಹಾವು. ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ ಎಂಬ ಮೂರು ಕಾದಂಬರಿಗಳನ್ನು ಹೆಣೆದು ಮಾಡಿದ ಚಿತ್ರ ಅದು. ವಿಷ್ಣುವರ್ಧನ್ ನಾಯಕನಾಗಿ ಬಂದದ್ದು ಅದರಲ್ಲಿಯೇ. 1975ರಲ್ಲಿ ಜಿ.ವಿ. ಅಯ್ಯರ್ ಅವರ ಹಂಸಗೀತೆ. ಅದರ ಗಾಯನಕ್ಕೆ ಬಾಲಮುರಳೀಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದೇ ಹಂಸಗೀತೆಯಿಂದ ಅದಕ್ಕೂ ಮೊದಲೇ, 1956ರಲ್ಲಿ, ಹಿಂದಿಯ ‘ಬಸಂತ್ ಬಹಾರ್’ ಆಗಿತ್ತು. ದುರ್ಗದ ಸಂಗೀತಗಾರನ ಕಥೆಗೆ ಭೀಮಸೇನ ಜೋಶಿಯವರೂ ಮನ್ನಾ ಡೇ ಅವರೂ ಹಾಡಿದರು. ಆಮೇಲೆ ಗಾಳಿಮಾತು, ಬೆಂಕಿಯ ಬಲೆ, ಬಿಡುಗಡೆಯ ಬೇಡಿ. ಪುಟ್ಟಣ್ಣನವರ ಕೊನೆಯ ಚಿತ್ರ ಮಸಣದ ಹೂವು ಕೂಡ ತರಾಸು ಕಾದಂಬರಿ. ಅದನ್ನು ಮುಗಿಸುವ ಮೊದಲೇ ಪುಟ್ಟಣ್ಣ ತೀರಿಕೊಂಡರು, ಕೆ.ಎಸ್.ಎಲ್. ಸ್ವಾಮಿ ಪೂರ್ಣಗೊಳಿಸಿದರು. 1993ರಲ್ಲಿ ರಾಜ್‌ಕುಮಾರ್ ಅವರ ಆಕಸ್ಮಿಕ…

ನಿರ್ವಾಹಕರು

ಸಿನಿಮಾ ಪಟ್ಟಿಗೆ ಬೇರೆ ವಿಭಾಗವಿದೆ. ದಯವಿಟ್ಟು ಕಾದಂಬರಿಗಳಿಗೆ ಮರಳೋಣ.

ರೀಲು ಪೆಟ್ಟಿಗೆ

ಆಗಲಿ, ಒಂದೇ ಸಾಲು ಸೇರಿಸಿ ಸುಮ್ಮನಾಗುತ್ತೇನೆ. ಇಷ್ಟು ಚಿತ್ರಗಳಾದರೂ, ಕಂಬನಿಯ ಕುಯಿಲಿನಿಂದ ದುರ್ಗಾಸ್ತಮಾನದವರೆಗಿನ ನಾಯಕರ ಕಥೆ ನಾನು ಹೇಳಿದ ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. 2020ರ ‘ಬಿಚ್ಚುಗತ್ತಿ’ ದಳವಾಯಿ ದಂಗೆಯ ಕಥೆಯೇ, ಆದರೆ ಅದು ಬಿ.ಎಲ್. ವೇಣು ಅವರ ಕಾದಂಬರಿಯಿಂದ ಬಂದದ್ದು. ದೊಡ್ಡದನ್ನು ಮುಟ್ಟಲು ಎಲ್ಲರಿಗೂ ಭಯ.

ಮಾಸ್ತಿ ಬೀದಿ

ಈ ಚರ್ಚೆಯನ್ನು ಎರಡು ದಿನದಿಂದ ಓದುತ್ತಿದ್ದೇನೆ. ಒಂದು ವಿಚಾರ ಕೊರೆಯುತ್ತಿದೆ, ಹೇಳಿಬಿಡುತ್ತೇನೆ.

ಕನ್ನಡದ ಐತಿಹಾಸಿಕ ಕಾದಂಬರಿಗಳನ್ನು ಸಾಲಾಗಿ ನಿಲ್ಲಿಸಿ ನೋಡಿ. ಗಳಗನಾಥರು ‘ಕನ್ನಡಿಗರ ಕರ್ಮಕಥೆ’ ಬರೆದರು, ವಿಜಯನಗರ ಬಿದ್ದ ಕಥೆ. ಆ ಮನುಷ್ಯ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿ ಜನರಿಗೆ ಓದುವ ಚಟ ಹತ್ತಿಸಿದವರು. ಮಾಸ್ತಿಯವರು ‘ಚೆನ್ನಬಸವನಾಯಕ’ ಬರೆದರು. ಬಿದನೂರಿನ ಕೊನೆಗಾಲ, 1763ರಲ್ಲಿ ಅದೂ ಹೈದರನ ಪಾಲು. ಮತ್ತೆ ‘ಚಿಕವೀರ ರಾಜೇಂದ್ರ’ ಬರೆದರು. ಕೊಡಗಿನ ಕೊನೆಯ ಅರಸ, 1834ರಲ್ಲಿ ಬ್ರಿಟಿಷರು ಅವನನ್ನು ಇಳಿಸಿದರು. ತರಾಸು ದುರ್ಗಾಸ್ತಮಾನ ಬರೆದರು, 1779. ನಾಲ್ಕು ರಾಜ್ಯ, ನಾಲ್ಕು ಪತನ. ನಮ್ಮ ಕಾದಂಬರಿಕಾರರ ಕೈಗೆ ಇತಿಹಾಸ ಕೊಟ್ಟರೆ ಅವರು ಮೊದಲು ಕೊನೆಯ ಅರಸನನ್ನೇ ಹುಡುಕುತ್ತಾರೆ. ಏಕೆ?

ನನಗೆ ತೋಚುವುದು ಇಷ್ಟು. ಮಾಸ್ತಿಯವರ ಚಿಕವೀರ ತನ್ನ ಕೈಯಾರೆ ಕೆಟ್ಟವನು. ಮಾಸ್ತಿ ಅವನನ್ನು ಬೈಯುವುದೂ ಇಲ್ಲ, ಹೊಗಳುವುದೂ ಇಲ್ಲ, ಹಿರಿಯರೊಬ್ಬರು ಪಂಚಾಯಿತಿಯ ಕಟ್ಟೆಯ ಮೇಲೆ ಕುಳಿತು ನಡೆದದ್ದನ್ನು ಹೇಳುವಂತೆ ಹೇಳುತ್ತಾರೆ. ತರಾಸು ಹಾಗಲ್ಲ. ಅವರು ಮದಕರಿಯ ಪಕ್ಷ. ಓದುಗನನ್ನೂ ಆ ಪಕ್ಷಕ್ಕೆ ಎಳೆದುಕೊಳ್ಳುತ್ತಾರೆ. ಪಕ್ಷ ವಹಿಸಿದ್ದು ಕಾದಂಬರಿಯ ಶಕ್ತಿ, ಅದೇ ಅದರ ಮಿತಿ ಕೂಡ. ಯಾವುದು ದೊಡ್ಡ ಕಾದಂಬರಿ ಎಂದರೆ ನಾನು ಕಣ್ಣು ಮುಚ್ಚಿ ಚಿಕವೀರ ರಾಜೇಂದ್ರ ಎನ್ನುತ್ತೇನೆ. ಯಾವುದನ್ನು ಮತ್ತೆ ಓದುತ್ತೀರಿ ಎಂದು ಕೇಳಿದರೆ ದುರ್ಗಾಸ್ತಮಾನ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಅಂಗಳದ ಪಾರಿಜಾತ

ಪತನ ಮಾತ್ರವಲ್ಲ, ಮಾಸ್ತಿ ಬೀದಿಯವರೇ. ದುರ್ಗದ ಕಾದಂಬರಿಗಳ ಹೆಸರುಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿ. ಕಂಬನಿಯ ಕುಯಿಲು. ರಕ್ತರಾತ್ರಿ. ತಿರುಗುಬಾಣ. ಹೊಸಹಗಲು. ವಿಜಯೋತ್ಸವ. ದುರ್ಗಾಸ್ತಮಾನ. ಕಣ್ಣೀರಿನ ಸುಗ್ಗಿ, ಆಮೇಲೆ ರಾತ್ರಿ, ಬಿಟ್ಟವನಿಗೇ ಮರಳಿ ಬರುವ ಬಾಣ, ಬೆಳಗು, ಹಬ್ಬ, ಕೊನೆಗೆ ಸೂರ್ಯ ಮುಳುಗುವುದು. ‘ಪತನ’ ಎಂಬ ಪದ ಸುಲಭವಾಗಿ ಕೈಗೆ ಸಿಗುತ್ತಿತ್ತು. ಅವರು ‘ಅಸ್ತಮಾನ’ ಎಂದರು. ಬಿದ್ದದ್ದಕ್ಕೆ ಯಾರನ್ನಾದರೂ ದೂರಬಹುದು. ಮುಳುಗುವ ಸೂರ್ಯನನ್ನು ಯಾರು ದೂರುತ್ತಾರೆ?

ಮಾಸ್ತಿ ಬೀದಿ

ಇದು ನನಗೆ ಹೊಳೆದಿರಲಿಲ್ಲ. ಧನ್ಯವಾದ, ಅಮ್ಮ.

ಶಾಸನದ ಸಾಲು

ಮಾತು ಸೊಗಸಾಗಿದೆ. ಆದರೆ ಅಲ್ಲಿಯೇ ನನ್ನ ತಕರಾರು ಕೂಡ. ದುರ್ಗ ಸೂರ್ಯನಂತೆ ತಾನಾಗಿ ಮುಳುಗಲಿಲ್ಲ. ಮುಳುಗಿಸಿದವರಿದ್ದರು, ಮುಳುಗಲು ಬಿಟ್ಟವರೂ ಇದ್ದರು. ಮೈಸೂರಿನ ಇತಿಹಾಸ ಬರೆದ ಬ್ರಿಟಿಷ್ ಅಧಿಕಾರಿ ವಿಲ್ಕ್ಸ್ ಹೇಳುವ ಪ್ರಕಾರ ನಾಯಕನ ಸೇವೆಯಲ್ಲಿದ್ದ ಸೈನಿಕರ ಒಂದು ಭಾಗ ಹೈದರನ ಕಡೆಗೆ ಒಲಿಯಿತು. ಇದನ್ನು ಧರ್ಮದ ಲೆಕ್ಕದಲ್ಲಿ ಓದುವವರು ಈಗ ಬಹಳ ಜನ. ಸಂಬಳಕ್ಕೆ ದುಡಿಯುವ ಪಡೆ ಹದಿನೆಂಟನೆಯ ಶತಮಾನದಲ್ಲಿ ಎಲ್ಲ ಕಡೆಯೂ ಹಾಗೆಯೇ ಇತ್ತು ಎಂಬುದನ್ನು ಅವರು ಮರೆಯುತ್ತಾರೆ. ನೂರು ವರ್ಷ ಹಿಂದೆ ನಾಯಕರ ಮನೆಯ ಅನ್ನ ಉಂಡ ದಳವಾಯಿ ಮುದ್ದಣ್ಣನೇ ನಾಯಕನ ಮೇಲೆ ತಿರುಗಿಬಿದ್ದನಲ್ಲ, ಅವನು ಯಾರ ಕಡೆಯವನು?

ಕೋಟೆ ಬಿದ್ದ ಮೇಲೆ ಏನಾಯಿತು ಎಂಬುದನ್ನೂ ನೆನಪಿಡಿ. ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರೆಂದೂ, ಅವರಲ್ಲಿ ಎಳೆಯ ಹುಡುಗರನ್ನು ಆರಿಸಿ ‘ಚೇಲಾ’ ಪಡೆ ಕಟ್ಟಿದರೆಂದೂ ಬ್ರಿಟಿಷರ ಕಾಲದ ಬರಹಗಳು ಹೇಳುತ್ತವೆ. ಆ ಹುಡುಗರ ಕಾದಂಬರಿಯನ್ನು ಯಾರು ಬರೆದಿದ್ದಾರೆ? ಅರಸ ಮುಳುಗಿದರೆ ಅಸ್ತಮಾನ. ಪ್ರಜೆ ಮುಳುಗಿದರೆ ಗೆಜೆಟಿಯರಿನಲ್ಲಿ ಒಂದು ಸಾಲು.

ಕಲ್ಲುಕೋಟೆ

ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಮುದ್ದಣ್ಣನ ಹೆಸರು ತಂದದ್ದು ಒಳ್ಳೆಯದಾಯಿತು. ನಾನು ಬಹಳ ದಿನದಿಂದ ಹೇಳಬೇಕೆಂದಿದ್ದ ಮಾತಿಗೆ ದಾರಿ ಸಿಕ್ಕಿತು.

ಕೋಟೆಯನ್ನು ನೀವು ಒಮ್ಮೆ ನಡೆದು ನೋಡಬೇಕು. ಏಳು ಸುತ್ತು. ಬಾಗಿಲು ದಾಟಿದ ಕೂಡಲೇ ದಾರಿ ನೇರ ಹೋಗುವುದಿಲ್ಲ, ಸೊಟ್ಟಗೆ ತಿರುಗುತ್ತದೆ, ಆನೆ ಓಡಿಬಂದು ಗುದ್ದಲಾಗದಂತೆ. ಮೇಲೆ ಬತ್ತೇರಿ. ಮದ್ದು ಅರೆಯುವ ದೊಡ್ಡ ಬೀಸುಕಲ್ಲುಗಳು ಈಗಲೂ ಗುಂಡಿಯೊಳಗೆ ಹಾಗೆಯೇ ಇವೆ. ನೀರಿನ ಏರ್ಪಾಡು ನೋಡಿದರೆ ಇವತ್ತಿನ ಎಂಜಿನಿಯರುಗಳೂ ಕೈ ಮುಗಿಯಬೇಕು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿಯರ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಒಂದು ಹನಿಯೂ ವ್ಯರ್ಥವಾಗದಂತೆ ಬಂಡೆಯನ್ನೇ ಪಾತ್ರೆ ಮಾಡಿಕೊಂಡಿದ್ದರು.

ಇಂತಹ ಕೋಟೆಯನ್ನು ಹೊರಗಿನಿಂದ ಮುರಿಯುವುದು ಕಷ್ಟ. ಹೈದರನಿಗೂ ಒಂದೇ ಸಲಕ್ಕೆ ಆಗಲಿಲ್ಲ. ತರಾಸು ಇದನ್ನು ಮೊದಲ ಪುಸ್ತಕದಲ್ಲಿಯೇ ಹಿಡಿದರು. ಅವರ ಕಾದಂಬರಿಗಳಲ್ಲಿ ಗೋಡೆ ಬಿರುಕು ಬಿಡುವುದಿಲ್ಲ, ಮನಸ್ಸು ಬಿಡುತ್ತದೆ. ದಳವಾಯಿಯ ಮನಸ್ಸು, ದಾಯಾದಿಯ ಮನಸ್ಸು, ಸಂಬಳ ಸಿಗದ ಸೈನಿಕನ ಮನಸ್ಸು. ಕಂಬನಿಯ ಕುಯಿಲಿನಲ್ಲಿ ಹೈದರನ ನೆರಳೂ ಇಲ್ಲ, ಅವನು ಇನ್ನೂ ಹುಟ್ಟಿಯೇ ಇಲ್ಲ. ಆದರೂ ಆ ಮೂರು ಪುಸ್ತಕ ಓದಿದವನಿಗೆ, ಮುಂದೆ ಈ ಕೋಟೆ ಹೇಗೆ ಬೀಳುತ್ತದೆ ಎಂಬುದು ಆಗಲೇ ಗೊತ್ತಾಗಿರುತ್ತದೆ. ಆದ್ದರಿಂದ ತುಂಗೆಯ ದಡದವರೇ, ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಹಿಂದಕ್ಕೆ ಹೋಗಿ ಓದಿ. ಕೊನೆ ತಿಳಿದವನಿಗೇ ಮೊದಲಿನದು ಹೆಚ್ಚು ಕಾಣುತ್ತದೆ.

ಹಳೆಯ ಹೊತ್ತಗೆ

ಮೇಷ್ಟರು ಹೇಳಿದ್ದನ್ನು ಒಪ್ಪಿ ಒಂದು ಮಾತು ಸೇರಿಸುತ್ತೇನೆ. ತರಾಸು ಬರೆಯಲು ಬಂದದ್ದು ಪ್ರಗತಿಶೀಲರ ಗುಂಪಿನಿಂದ. ಅ.ನ.ಕೃ., ನಿರಂಜನ, ಕಟ್ಟೀಮನಿ ಅವರ ಜೊತೆಗಾರರು. ಸೂಳೆಗಾರಿಕೆ, ಬಡತನ, ಜಾತಿ ಎಂದು ಬರೆಯುತ್ತಿದ್ದ ಗುಂಪಿನವರು ಪಾಳೆಯಗಾರರ ಹಿಂದೆ ಏಕೆ ಹೋದರು ಎಂದು ಕೇಳುವವರು ಈಗಲೂ ಇದ್ದಾರೆ. ನನಗೆ ಅದು ಬೇರೆ ದಾರಿ ಎನ್ನಿಸುವುದಿಲ್ಲ. ದುರ್ಗದ ನಾಯಕರು ಚಕ್ರವರ್ತಿಗಳಲ್ಲ, ಬೇಡ ಕುಲದವರು. ಪಠ್ಯಪುಸ್ತಕದಲ್ಲಿ ಅವರಿಗೆ ಸಿಗುತ್ತಿದ್ದುದು ಅರ್ಧ ಪುಟ. ಅವರಿಗೆ ಎಂಟು ಕಾದಂಬರಿ ಕೊಟ್ಟದ್ದೂ ಒಂದು ಬಗೆಯ ಪ್ರಗತಿಶೀಲತೆಯೇ. ತರಾಸು ‘ನೃಪತುಂಗ’ವನ್ನೂ ಬರೆದರು, ಚಕ್ರವರ್ತಿಯ ಕಥೆ. ಇವತ್ತು ಅದನ್ನು ಎಷ್ಟು ಜನ ಕೇಳಿ ಓದುತ್ತಾರೆ, ದುರ್ಗದ್ದನ್ನು ಎಷ್ಟು ಜನ?

ಏರಿಯ ಮೇಲೆ

ಒಂದು ದೂರು ನನ್ನದೂ ಇರಲಿ. ನಾಯಕರು, ಕಾವಲಿನವರು, ಊಳಿಗದವರು ಎಲ್ಲರೂ ಕಾದಂಬರಿಯಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಕನ್ನಡ ಮಾತನಾಡುತ್ತಾರೆ. ನಮ್ಮ ಕಡೆಯ ಮಾತಿನ ಒರಟು ಇಂಪು ಅದರಲ್ಲಿ ಕಡಿಮೆ. ಆ ಕಾಲದ ಬರವಣಿಗೆಯ ರೂಢಿ ಹಾಗಿತ್ತು, ಗೊತ್ತು. ಆದರೂ ಭರಮಣ್ಣ ನಮ್ಮ ಅಜ್ಜನ ಹಾಗೆ ಒಮ್ಮೆಯಾದರೂ ಬೈದಿದ್ದರೆ ಎಂದು ಆಸೆ.

ತಡರಾತ್ರಿ

ಹಂಸಗೀತೆಯ ಬಗ್ಗೆ ಯಾರೂ ಎರಡು ಸಾಲಿಗಿಂತ ಹೆಚ್ಚು ಬರೆಯಲಿಲ್ಲ, ಆಶ್ಚರ್ಯ. ನನ್ನ ಮಟ್ಟಿಗೆ ತರಾಸು ಅವರ ಅತ್ಯುತ್ತಮ ದುರ್ಗದ ಕಾದಂಬರಿ ಅದು. 1952ರದ್ದು. ಭೈರವಿ ವೆಂಕಟಸುಬ್ಬಯ್ಯ ಕೋಟೆ ಕಾಯುವವನಲ್ಲ, ಹಾಡುವವನು. ಆಳುವವರು ಬದಲಾಗುತ್ತಾರೆ, ಅಪ್ಪಣೆಗೆ ಹಾಡಲು ಅವನು ಒಲ್ಲ. ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ದುರ್ಗದಲ್ಲಿ ಯಾರಿಗೂ ಒಪ್ಪಿಸದೆ ಉಳಿದ ಕೋಟೆ ಅದೊಂದೇ. ಶಾಸನದ ಸಾಲು ಅವರು ಅರಸರಲ್ಲದವರ ಕಾದಂಬರಿ ಎಲ್ಲಿ ಎಂದು ಕೇಳಿದರಲ್ಲ, ಒಂದಾದರೂ ಇದೆ.

ಶಾಸನದ ಸಾಲು

ಒಪ್ಪಿದೆ. ಮರೆತಿದ್ದೆ. ನಾಳೆಯೇ ಕಪಾಟಿನಿಂದ ಇಳಿಸುತ್ತೇನೆ.

ಅಂಗಳದ ಪಾರಿಜಾತ

ಓಬವ್ವನನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕಹಳೆ ಊದುವವನ ಹೆಂಡತಿ, ಗಂಡ ಉಣ್ಣಲು ಕುಳಿತಾಗ ನೀರು ತರಲು ಹೋದವಳು. ದುರ್ಗದ ಜನ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಹೆಸರು. ಈಗ ಅವಳ ಹೆಸರಿನಲ್ಲಿ ಕ್ರೀಡಾಂಗಣವಿದೆ, 2021ರಿಂದ ನವೆಂಬರ್ 11ರಂದು ಸರ್ಕಾರ ಜಯಂತಿ ಮಾಡುತ್ತಿದೆ. ಮದಕರಿಗಿಂತ ಅವಳ ಹೆಸರೇ ಇವತ್ತು ಮಕ್ಕಳ ಬಾಯಲ್ಲಿ ಹೆಚ್ಚು. ಒನಕೆಗೆ ಕತ್ತಿಗಿಂತ ಆಯುಸ್ಸು ಜಾಸ್ತಿ.

ರೀಲು ಪೆಟ್ಟಿಗೆ

ನಿರ್ವಾಹಕರು ಬೈದರೂ ಸರಿ, ಇದಕ್ಕೆ ನಾಗರಹಾವು ಚಿತ್ರದಲ್ಲಿ ಜಯಂತಿಯವರು ಮಾಡಿದ ಓಬವ್ವನ ಪಾತ್ರದ ಪಾಲೂ ಇದೆ. ಚಿತ್ರ ತರಾಸು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕೋಟೆ ನೋಡಲು ಬಸ್ಸು ಹತ್ತಿದವರಲ್ಲಿ ಅರ್ಧ ಜನ ಆ ಚಿತ್ರ ನೋಡಿ ಬಂದವರು.

ಕಲ್ಲುಕೋಟೆ

ಅದು ನಿಜ. ಒನಕೆ ಕಿಂಡಿಯ ಮುಂದೆ ನಿಂತು ಎಷ್ಟು ಜನರಿಗೆ ಫೋಟೊ ತೆಗೆದುಕೊಟ್ಟಿದ್ದೇನೋ ಲೆಕ್ಕವಿಲ್ಲ. ಕಿಂಡಿಯೊಳಗೆ ತೂರಲು ಹೋಗಿ ಸಿಕ್ಕಿಹಾಕಿಕೊಂಡ ದಪ್ಪ ಹೊಟ್ಟೆಯವರನ್ನು ಎಳೆದೂ ಇದ್ದೇನೆ.

ತುಂಗೆಯ ದಡ

ಎಲ್ಲರಿಗೂ ಉತ್ತರಿಸಲು ತಡವಾಯಿತು. ಈ ನಡುವೆ ಕಂಬನಿಯ ಕುಯಿಲು ಮುಗಿಸಿದೆ, ರಕ್ತರಾತ್ರಿ ಅರ್ಧವಾಗಿದೆ. ಪಾರಿಜಾತ ಅವರ ಮನೆಯ ಕಥೆ ಓದಿದ್ದರಿಂದ ಹಾಲನ್ನು ಒಲೆಯ ಮೇಲೆ ಇಟ್ಟು ಓದುತ್ತಿಲ್ಲ.

ಇನ್ನೊಂದು ವಿಷಯ. ಅಪ್ಪನಿಗೆ ಫೋನು ಮಾಡಿ, ಪೆಟ್ಟಿಗೆಯಲ್ಲಿ ಸಿಕ್ಕ ಪುಸ್ತಕದ ಬಗ್ಗೆ ಕೇಳಿದೆ. ತರಾಸು 1984ರ ಏಪ್ರಿಲ್ 10ರಂದು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಓದಿದ ವಾರವೇ ಕೊಂಡದ್ದಂತೆ. ಮರುವರ್ಷ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ನಾನು ಮೊದಲೇ ಕೊಂಡಿದ್ದೆ ಎಂದು ಸ್ನೇಹಿತರ ಮುಂದೆ ಜಂಬ ಕೊಚ್ಚಿಕೊಂಡರಂತೆ. ಓದಿದಿರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊನೆಯ ಐವತ್ತು ಪುಟ ಉಳಿಸಿದ್ದೇನೆ, ಓದಲು ಮನಸ್ಸು ಬರಲಿಲ್ಲ ಎಂದರು. ಪುಸ್ತಕ ತೆಗೆದು ನೋಡಿದೆ. ನಿಜವಾಗಿಯೂ ಅಲ್ಲೊಂದು ಬಸ್ ಟಿಕೆಟು ಇತ್ತು. ನಾನು ಓದುವಾಗ ಅದನ್ನು ಗಮನಿಸದೆ ಪುಟ ಮಗುಚಿದ್ದೆ.

ಕಲ್ಲುಕೋಟೆ ಮೇಷ್ಟರೇ, ಮುಂದಿನ ತಿಂಗಳ ಎರಡನೆಯ ಭಾನುವಾರ ಅಪ್ಪನನ್ನು ಕರೆದುಕೊಂಡು ದುರ್ಗಕ್ಕೆ ಬರೋಣ ಎಂದಿದ್ದೇನೆ. ಅವರಿಗೂ ಮಂಡಿ ನೋವು ಇದೆ. ನೀವು ಸಿಗುತ್ತೀರಾ?

ಕಲ್ಲುಕೋಟೆ

ಬನ್ನಿ. ಬಿಸಿಲು ಏರುವ ಮೊದಲೇ, ಬೆಳಿಗ್ಗೆ ಆರೂವರೆಗೆ ಮೊದಲ ಬಾಗಿಲಿನ ಹತ್ತಿರ ಇರುತ್ತೇನೆ. ಇಬ್ಬರೂ ನಿಧಾನವಾಗಿ ಹತ್ತೋಣ ಎಂದು ಅಪ್ಪನವರಿಗೆ ಹೇಳಿ. ಪುಸ್ತಕವನ್ನೂ ತನ್ನಿ, ಬಸ್ ಟಿಕೆಟು ಅಲ್ಲಿಯೇ ಇರಲಿ.